ಹೆರಿಗೆ ನೋವು ಬಂದಾಗ ಯಾವಾಗ ಹೊರಡಬೇಕು, ಆಮೇಲೆ ಏನಾಗುತ್ತದೆ?

ನಾನು ಸೋಮವಾರಪೇಟೆ ಕಡೆಯವಳು, ಹೆರಿಗೆ ವಾರ್ಡಿನಲ್ಲಿ ನರ್ಸ್. ಚೊಚ್ಚಲ ಬಸುರಿಯರು ಮೊದಲು ಕೇಳುವುದು, "ಸಿಸ್ಟರ್, ಇದು ನಿಜವಾದ ನೋವು ಅಂತ ಹೇಗೆ ಗೊತ್ತಾಗುತ್ತೆ?"

ಹೊಟ್ಟೆ ಮೇಲೆ ಕೈ ಇಟ್ಟು ನೋಡಿ. ನೋವು ಬಂದಾಗ ಗಟ್ಟಿಯಾಗಿ, ಹೋದಾಗ ಮೆತ್ತಗಾಗಬೇಕು. ಗಡಿಯಾರ ನೋಡಿ ಬರೆದುಕೊಳ್ಳಿ. ಸುಳ್ಳು ನೋವಾದರೆ ಸ್ವಲ್ಪ ಓಡಾಡಿದರೆ, ಮಲಗಿದರೆ ಕಡಿಮೆಯಾಗುತ್ತದೆ. ನಿಜವಾದದ್ದು ಹೆಚ್ಚಾಗಿ ಸೊಂಟದಿಂದ ಶುರುವಾಗಿ ಮುಂದಕ್ಕೆ ಬರುತ್ತದೆ. ಬರಬರುತ್ತಾ ಜೋರಾಗುತ್ತದೆ, ನಡುವಿನ ಬಿಡುವು ಕಡಿಮೆಯಾಗುತ್ತದೆ.

ಐದು ನಿಮಿಷಕ್ಕೊಮ್ಮೆ ನೋವು ಬಂದು, ಒಂದೊಂದೂ ಸುಮಾರು ಒಂದು ನಿಮಿಷ ಇದ್ದು, ಹೀಗೇ ಒಂದು ಗಂಟೆ ಆದರೆ ಹೊರಡಿ ಅನ್ನುತ್ತಾರೆ. ಆಸ್ಪತ್ರೆ ಪಕ್ಕದಲ್ಲಿದ್ದವರಿಗೆ ಅದು ಸರಿ. ತೋಟದ ಲೈನ್‌ಮನೆಯಲ್ಲಿದ್ದು, ಹೊರಗೆ ಜುಲೈ ಮಳೆ ಹೊಡೆಯುತ್ತಿದ್ದರೆ ಅಷ್ಟು ಕಾಯಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು. ಒಂದು ಮರ ಬಿದ್ದರೂ ಸಾಕು, ಗಾಡಿ ನಿಲ್ಲುತ್ತದೆ. ನೋವು ಹತ್ತು ನಿಮಿಷಕ್ಕೊಮ್ಮೆ ಸರಿಯಾಗಿ ಬರತೊಡಗಿದಾಗಲೇ 108ಕ್ಕೂ ಆಶಾ ಕಾರ್ಯಕರ್ತೆಗೂ ಫೋನ್ ಮಾಡಿ. ಯಾರ ಜೀಪು ಸಿಗುತ್ತದೆ ಅಂತ ಒಂಬತ್ತು ತಿಂಗಳು ತುಂಬುವ ಮೊದಲೇ ಮಾತಾಡಿಟ್ಟುಕೊಳ್ಳಿ. ತಾಯಿ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿರಲಿ. ಎರಡನೇ ಹೆರಿಗೆ ಬೇಗ ಆಗುವುದೇ ಜಾಸ್ತಿ, ಇನ್ನೂ ಮೊದಲೇ ಹೊರಡಿ.

ನೀರು ಒಡೆದರೆ, ರಕ್ತ ಹೋದರೆ, ಮಗು ಮಿಸುಕಾಡದಿದ್ದರೆ, ಹೊಟ್ಟೆ ಸಡಿಲವಾಗದೆ ಗಟ್ಟಿಯಾಗೇ ಇದ್ದರೆ, ತಲೆ ಸಿಡಿದು ಕಣ್ಣು ಮಂಜಾದರೆ, 37 ವಾರ ತುಂಬುವ ಮೊದಲೇ ನೋವು ಬಂದರೆ ಲೆಕ್ಕ ಹಾಕುತ್ತಾ ಕೂರಬೇಡಿ. ನೀರು ಹಸಿರಾಗಿದ್ದರೆ ಹೋದ ಕೂಡಲೇ ಹೇಳಿ.

ಅಷ್ಟು ಹೊತ್ತು ಒಳಗೆ ನಡೆಯುವುದು ಇಷ್ಟು: ಗರ್ಭಕೋಶದ ಬಾಯಿ ತೆಳುವಾಗಿ, ಹತ್ತು ಸೆಂಟಿಮೀಟರ್‌ವರೆಗೆ ತೆರೆಯುತ್ತದೆ. ಐದರವರೆಗೆ ನಿಧಾನ, ಚೊಚ್ಚಲಿನಲ್ಲಿ ಒಂದು ದಿನವೇ ಹಿಡಿಯಬಹುದು. ಆಮೇಲೆ ಬೇಗ. ಮಗುವಿನ ತಲೆ ಆ ಬಾಯಿಯನ್ನು ಒತ್ತಿದಷ್ಟೂ ಆಕ್ಸಿಟೋಸಿನ್, ಅಂದರೆ ಗರ್ಭಕೋಶವನ್ನು ಬಿಗಿಸುವ ಹಾರ್ಮೋನ್, ಹೆಚ್ಚುತ್ತದೆ, ನೋವೂ ಜೋರಾಗುತ್ತದೆ. ಅದಕ್ಕೇ ಓಡಾಡಿ ಅನ್ನುವುದು. ಡಾಕ್ಟರ್ ಬೇಡ ಅನ್ನದಿದ್ದರೆ ಗಂಜಿ, ಬೆಲ್ಲದ ಕಾಫಿ ಕುಡಿಯಿರಿ. ಆಗಾಗ ಮೂತ್ರಕ್ಕೆ ಹೋಗಿ, ಮೂತ್ರಕೋಶ ತುಂಬಿದ್ದರೆ ತಲೆ ಇಳಿಯಲು ಅಡ್ಡಿ.

ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲು ಮುಕ್ಕಬೇಡಿ, ಅಂದರೆ ಕೆಳಕ್ಕೆ ಒತ್ತಿ ತಳ್ಳಬೇಡಿ. ತೆರೆದ ಮೇಲೆ ತಡೆಯಲಾಗದಂತೆ ಮುಕ್ಕು ಬರುತ್ತದೆ, ಆಗ ಅದರ ಜೊತೆ ಹೋಗಿ. ಮಗುವಿನ ತಲೆ ತಿರುಗುತ್ತಾ ಇಳಿಯುತ್ತದೆ, ಸಾಮಾನ್ಯವಾಗಿ ಮುಖ ನಿಮ್ಮ ಬೆನ್ನಿನ ಕಡೆಗಿರುತ್ತದೆ. ಚೊಚ್ಚಲಿಗೆ ಮೂರು ಗಂಟೆವರೆಗೂ ಆಗಬಹುದು. ನೆತ್ತಿ ಹೊರಗೆ ಕಂಡಾಗ ಮುಕ್ಕುವುದು ನಿಲ್ಲಿಸಿ, ಸಣ್ಣ ಸಣ್ಣ ಉಸಿರು ಬಿಡಿ. ಆಗ ಚರ್ಮ ಹರಿಯುವುದು ಕಡಿಮೆ. ಬೇಗ ಆಗಲಿ ಅಂತ ಯಾರಾದರೂ ಹೊಟ್ಟೆ ಒತ್ತಲು ಬಂದರೆ ಬೇಡ ಅನ್ನಿ.

ಮಗು ಹುಟ್ಟಿದ ಮೇಲೆ ಎದೆ ಮೇಲೆ ಮಲಗಿಸಿಕೊಳ್ಳಿ. ತೊಡೆಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತೇವೆ, ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸುತ್ತೇವೆ. ಮಾಸು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬೀಳುತ್ತದೆ. ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳು ತೆರೆದೇ ಇರುತ್ತವೆ. ಗರ್ಭಕೋಶ ಬಿಗಿದುಕೊಂಡರೆ ಮಾತ್ರ ಅವು ಮುಚ್ಚುತ್ತವೆ. ನಾವು ಪದೇಪದೇ ಹೊಟ್ಟೆ ಮುಟ್ಟಿ ನೋಡುವುದು ಅದಕ್ಕೇ. ಬಟ್ಟೆ ಬೇಗ ಬೇಗ ನೆನೆದರೆ ಸಂಕೋಚ ಬೇಡ, ಕೂಗಿ ಕರೆಯಿರಿ.

ಒಂದು ಗಂಟೆಯೊಳಗೆ ಮೊಲೆ ಕುಡಿಸಿ, ಅದರಿಂದಲೂ ಗರ್ಭಕೋಶ ಬಿಗಿಯಾಗುತ್ತದೆ. ಅಜ್ಜಿ ಜೇನು ನೆಕ್ಕಿಸಲು ಬಂದರೆ ಪ್ರೀತಿಯಿಂದಲೇ ತಡೆಯಿರಿ. ನಮ್ಮ ಕೊಡಗಿನ ಜೇನು ಎಷ್ಟೇ ಶುದ್ಧವಾಗಿರಲಿ, ಮಗುವಿಗೆ ಒಂದು ವರ್ಷ ತುಂಬುವವರೆಗೆ ಕೊಡಬಾರದು.