ಸೇನೆ ಬಿಟ್ಟು ನರ್ಸಿಂಗ್ ಸೇರುವವರು ಕೊನೆಯ ರಜೆಯಲ್ಲೇ ಮಾಡಿಕೊಳ್ಳಬೇಕಾದ ಕಾಗದಪತ್ರ

ನರ್ಸಿಂಗ್ ಅಸಿಸ್ಟೆಂಟ್ ಆಗಿ ಎಷ್ಟೇ ವರ್ಷ ಇಂಜೆಕ್ಷನ್ ಕೊಟ್ಟಿರಲಿ, ಸೀಟು ಹಂಚುವವರು ನೋಡುವುದು ಪಿಯು ಅಂಕಪಟ್ಟಿ. ಬಿ.ಎಸ್ಸಿ ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಶೇ 45 ಬೇಕು, ಎಸ್‌ಸಿ, ಎಸ್‌ಟಿಯವರಿಗೆ ಶೇ 40. ಇಂಗ್ಲಿಷ್ ಪಾಸಾಗಿರಬೇಕು. ಕಲಾ ವಿಭಾಗ ಓದಿದವರಿಗೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಇದೆ, ಅದಕ್ಕೆ ಶೇ 40 ಸಾಕು. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಿದರೆ ಪದವಿಯೂ ಕೈಗೆ ಬರುತ್ತದೆ. 15 ವರ್ಷದ ಸೇವೆಗೆ ಸಿಗುವ ಪದವಿ ಸಮಾನ ಪ್ರಮಾಣಪತ್ರ ನೌಕರಿಗಷ್ಟೇ. ಅದನ್ನು ಇಲ್ಲಿ ತೋರಿಸಿ ಪ್ರಯೋಜನವಿಲ್ಲ.

ಹತ್ತನೇ ತರಗತಿ ಮೇಲೆ ಭರ್ತಿಯಾದವರು ಸೇವೆಯಲ್ಲಿದ್ದಾಗಲೇ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹನ್ನೆರಡನೇ ತರಗತಿ ಕಟ್ಟಬಹುದು. ವಿಷಯ ಆರಿಸುವಾಗ ಮಾತ್ರ ಎಚ್ಚರ. ಇಂಗ್ಲಿಷ್ (ವಿಷಯ ಕೋಡ್ 302), ಭೌತಶಾಸ್ತ್ರ 312, ರಸಾಯನಶಾಸ್ತ್ರ 313, ಜೀವಶಾಸ್ತ್ರ 314, ಈ ನಾಲ್ಕೂ ಅಂಕಪಟ್ಟಿಯಲ್ಲಿ ಇರಲೇಬೇಕು. ಪಾಸಾದರೆ ಸಾಕೆಂದು ಸುಲಭದ ವಿಷಯ ತಗೊಂಡವರಿಗೆ ಬಿ.ಎಸ್ಸಿ ಬಾಗಿಲು ಮುಚ್ಚಿತೆಂದೇ ಲೆಕ್ಕ. ಮೈಗ್ರೇಷನ್ ಸರ್ಟಿಫಿಕೇಟನ್ನೂ ಆಗಲೇ ತರಿಸಿಟ್ಟುಕೊಳ್ಳಿ.

ವಯಸ್ಸಿನ ಮಿತಿ 35. ಹತ್ತೊಂಬತ್ತಕ್ಕೆ ಸೇರಿದವರು 15 ವರ್ಷಕ್ಕೆ ಬಿಟ್ಟರೆ 34, 17 ವರ್ಷಕ್ಕೆ ಬಿಟ್ಟರೆ 36. ಅಂದರೆ ನರ್ಸಿಂಗ್ ಓದಬೇಕೋ ಬೇಡವೋ ಎಂಬುದು ಸೇವೆ ಮುಂದುವರಿಸುವ ಕಾಗದಕ್ಕೆ ಸಹಿ ಹಾಕುವಾಗಲೇ ತೀರ್ಮಾನವಾಗಬೇಕು. ನಾಲ್ಕು ವರ್ಷಕ್ಕೆ ಬರುವ ಅಗ್ನಿವೀರರಿಗೆ ಈ ತಲೆನೋವಿಲ್ಲ.

ಕರ್ನಾಟಕದಲ್ಲಿ ಬಿ.ಎಸ್ಸಿ ಸೀಟಿಗೆ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಸಿಇಟಿ ಬರೆಯಬೇಕು: ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಅರ್ಜಿಯಲ್ಲಿ ಡಿಫೆನ್ಸ್, ಎಕ್ಸ್-ಡಿಫೆನ್ಸ್ ಕೋಟಾ ಕಂಡ ಕೂಡಲೇ ಟಿಕ್ ಮಾಡಬೇಡಿ. ಅದು ಸೈನಿಕರ ಮಕ್ಕಳಿಗಾಗಿ ಇರುವುದು. ಪ್ರಧಾನಮಂತ್ರಿ ಸ್ಕಾಲರ್‌ಶಿಪ್ ಕೂಡ ಮಾಜಿ ಸೈನಿಕರ ಮಕ್ಕಳಿಗೆ ಮತ್ತು ವಿಧವೆಯರಿಗೆ, ಓದುವ ಸೈನಿಕನಿಗಲ್ಲ.

ನಮ್ಮ ಭಾಗದವರಿಗೆ ನಿಜವಾಗಿ ಕೆಲಸಕ್ಕೆ ಬರುವುದು ಸಂವಿಧಾನದ 371 ಜೆ ವಿಧಿಯ ಮೀಸಲಾತಿ. ಬಳ್ಳಾರಿ, ಕೊಪ್ಪಳ, ರಾಯಚೂರು ಸೇರಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಸ್ಥಳೀಯರಿಗೆ. ಇದರ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ (ಎಸಿ), ತಹಸೀಲ್ದಾರರಲ್ಲ. ಸಿಂಧನೂರಿನವರು ರಾಯಚೂರಿಗೆ ಹೋಗಿ ದಿನ ಹಾಳುಮಾಡಿಕೊಳ್ಳಬೇಡಿ, ಅವರ ಎಸಿ ಆಫೀಸು ಲಿಂಗಸುಗೂರಿನಲ್ಲಿ. ಸೇವೆಯಲ್ಲಿ ಹೊರರಾಜ್ಯದಲ್ಲಿದ್ದ ವರ್ಷಗಳ ಬಗ್ಗೆ ಪ್ರಶ್ನೆ ಏಳುತ್ತದೆ. ಹುಟ್ಟಿದ್ದು, ಓದಿದ್ದು ಇಲ್ಲೇ ಎಂಬುದಕ್ಕೆ ಶಾಲಾ ದಾಖಲೆ ಒಯ್ಯಿರಿ. ಜಾತಿ-ಆದಾಯ ಪತ್ರ ನಾಡಕಚೇರಿಯಲ್ಲಿ ಮಾಡಿಸಿ. ಆರ್‌ಡಿ ನಂಬರ್ (ಆನ್‌ಲೈನ್‌ನಲ್ಲಿ ಪರಿಶೀಲಿಸುವ ಪತ್ರದ ಸಂಖ್ಯೆ) ಇಲ್ಲದ ಹಳೆಯ ಪತ್ರ ಪೆಟ್ಟಿಗೆಯಲ್ಲೇ ಇರಲಿ. ಏಳು ವರ್ಷ ಕರ್ನಾಟಕದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರಕ್ಕೆ, ಹಳ್ಳಿಯಲ್ಲಿ ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪತ್ರಗಳಿಗೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು. ಶಾಲೆ, ಬಿಇಒ, ನಾಡಕಚೇರಿ, ಎಸಿ: ನಾನು ಹಿಡಿದದ್ದು ಇದೇ ಸಾಲು. ಶಾಲಾ ದಾಖಲೆ ಕೈಯಲ್ಲಿದ್ದರೆ ಮುಂದಿನ ಮೇಜಿನಲ್ಲಿ ಮಾತು ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ಎಸ್‌ಎಸ್‌ಎಲ್‌ಸಿಯಲ್ಲಿ 'ಹನುಮಂತಪ್ಪ' ಎಂಬುದರ ಇಂಗ್ಲಿಷ್ ಕಾಗುಣಿತದಲ್ಲಿ ಟಿ ನಂತರ ಒಂದು ಎಚ್ ಇದ್ದು, ಡಿಸ್ಚಾರ್ಜ್ ಬುಕ್ಕಿನಲ್ಲಿ ಅದು ಬಿಟ್ಟುಹೋಗಿರುತ್ತದೆ; ಇನಿಶಿಯಲ್ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು ಕೂತಿರುತ್ತದೆ. ಸೇವೆಯಲ್ಲಿದ್ದರೆ ಯೂನಿಟ್‌ನ ಕ್ಲರ್ಕ್ ಪಾರ್ಟ್ ಟು ಆರ್ಡರ್ (ಸೈನಿಕನ ದಾಖಲೆ ತಿದ್ದುವ ಆದೇಶ) ಹೊರಡಿಸಿ ಸರಿಪಡಿಸುತ್ತಾನೆ. ಮನೆಗೆ ಬಂದಮೇಲೆ ರೆಕಾರ್ಡ್ ಆಫೀಸಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ದಾಖಲೆ ಪರಿಶೀಲನೆ ಮುಗಿದಿರುತ್ತದೆ. ಆಧಾರ್, ಎಸ್‌ಎಸ್‌ಎಲ್‌ಸಿ, ಡಿಸ್ಚಾರ್ಜ್ ಬುಕ್ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಟರ್ಮಿನಲ್ ರಜೆಯ, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ರಜೆಯ, ಲೆಕ್ಕ ಹಾಕಿ, ತರಗತಿ ಶುರುವಾಗುವ ಮೊದಲೇ ಬಿಡುಗಡೆ ಆಗುವಂತೆ ನೋಡಿಕೊಳ್ಳಿ. ಥಿಯರಿಗೆ ಶೇ 80 ಹಾಜರಾತಿ ಬೇಕು, ಕ್ಲಿನಿಕಲ್ ತಾಸುಗಳನ್ನಂತೂ ಪೂರ್ತಿ ತುಂಬಿಸಲೇಬೇಕು. ಕಾವಲು ನೌಕರಿ ಜೊತೆಗೆ ಹಿಡಿದರೆ ಎರಡೂ ಕೆಡುತ್ತವೆ. ವಾರ್ಡಿಗೆ ಕಾಲಿಡುವ ಮುನ್ನ ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಸೇನೆಯಲ್ಲೇ ಹಾಕಿಸಿಕೊಂಡಿದ್ದರೆ ಎಂಐ ರೂಮಿನಿಂದ (ಯೂನಿಟ್ಟಿನ ವೈದ್ಯಕೀಯ ಕೋಣೆ) ಆ ದಿನಾಂಕಗಳನ್ನು ಬರೆಸಿಕೊಂಡು ಬನ್ನಿ.