ಪುಷ್ಯ ಮಳೆಗೆ ಬೂಷ್ಟು ಹಿಡಿದ ಹಾಸಿಗೆ

ಪುಷ್ಯ ಮಳೆ ಹಿಡಿದ ನಾಲ್ಕನೇ ದಿನ ಮಗಳ ಹಾಸಿಗೆ ಮಗುಚಿ ನೋಡಿದೆ. ಅಡಿಯೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಅವಳಿಗೆ ಆಗ ಎರಡು ತಿಂಗಳು. ಮೇಲಿನ ಬಟ್ಟೆಯನ್ನು ದಿನಕ್ಕೆ ಹತ್ತು ಸಲ ಬದಲಾಯಿಸುತ್ತಿದ್ದೆ. ಹಾಸಿಗೆಯ ಅಡಿ ನೋಡಬೇಕು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ನನ್ನ ತವರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜುಲೈ ಬಂತೆಂದರೆ ಉಪ್ಪಿನ ಭರಣಿಯಲ್ಲಿ ನೀರು ಒಸರುತ್ತದೆ, ಮೂಲೆಯ ಚಪ್ಪಲಿಗೆ ಬಿಳಿ ಬೂಷ್ಟು ಬರುತ್ತದೆ. ಇಂಥ ಮನೆಗೆ ನಾನು ಹಾಸಿಗೆ ಆರಿಸಿದ್ದು ಏಪ್ರಿಲ್ ಬಿಸಿಲಲ್ಲಿ, ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಫ್ಯಾನ್ ಕೆಳಗೆ ಕೂತು, ಮೊಬೈಲ್‌ನಲ್ಲಿ.

ಕವರ್ ಮೇಲೆ ಹಸಿರು ಎಲೆಯ ಚಿತ್ರ, ‘100% ನ್ಯಾಚುರಲ್’ ಅಂತ ದೊಡ್ಡ ಅಕ್ಷರ. ಬೆಲೆ 4,200 ರೂಪಾಯಿ. ಬೂಷ್ಟು ಕಂಡ ದಿನ ಜಿಪ್ ಬಿಚ್ಚಿದೆ. ಒಳಗೆ ಹಳದಿ ಫೋಮ್! ಹತ್ತಿ ಇದ್ದದ್ದು ಹೊರಗಿನ ಹೊದಿಕೆಯಲ್ಲಿ ಮಾತ್ರ. ಸುಳ್ಳು ಬರೆದಿದ್ದಾರೆ ಅಂತ ಜಗಳ ಮಾಡುವ ಹಾಗೂ ಇಲ್ಲ. ಯಾವುದು ನ್ಯಾಚುರಲ್ ಅಂತ ಅವರು ಎಲ್ಲೂ ಹೇಳಿರಲೇ ಇಲ್ಲ.

ಆಮೇಲೆ ಲೇಬಲ್ ಓದುವುದು ಕಲಿತೆ. ‘ನ್ಯಾಚುರಲ್’ ಅನ್ನುವ ಪದ ಒಂದನ್ನೇ ನಂಬುವ ಹಾಗಿಲ್ಲ. ಬಟ್ಟೆಯ ಮಟ್ಟಿಗೆ ಲೆಕ್ಕ ಒಪ್ಪಿಸಬೇಕಾದ ಗುರುತು ಅಂದರೆ ಗ್ಲೋಬಲ್ ಆರ್ಗಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್, ಚಿಕ್ಕದಾಗಿ ಗಾಟ್ಸ್. ಅದರಲ್ಲಿ ‘ಆರ್ಗಾನಿಕ್’ ಅಂತ ಹಾಕಬೇಕಾದರೆ ನೂರರಲ್ಲಿ 95 ಭಾಗವಾದರೂ ಸಾವಯವ ಎಳೆ ಇರಬೇಕು. ‘ಮೇಡ್ ವಿತ್ ಆರ್ಗಾನಿಕ್’ ಅಂತಿದ್ದರೆ 70 ಸಾಕು. ಹೊಲದಲ್ಲಿ ಹತ್ತಿ ಬೆಳೆದಲ್ಲಿಗೆ ಮುಗಿಯುವುದಿಲ್ಲ. ನೂಲುವುದು, ಬಣ್ಣ ಹಾಕುವುದು, ಹೊಲಿಯುವುದು ಎಲ್ಲಕ್ಕೂ ನಿಯಮ ಇದೆ. ಲೇಬಲ್ ಮೇಲೆ ಪರೀಕ್ಷೆ ಮಾಡಿದ ಸಂಸ್ಥೆಯ ಹೆಸರು, ಲೈಸೆನ್ಸ್ ನಂಬರ್ ಇರುತ್ತದೆ. ಆ ನಂಬರನ್ನು ಗಾಟ್ಸ್‌ನವರ ಪಟ್ಟಿಯಲ್ಲಿ ಹುಡುಕಿ ನೋಡಬಹುದು. ನಂಬರ್ ಇಲ್ಲದೆ ಬರೀ ಗುರುತು ಮಾತ್ರ ಇದ್ದರೆ ನಾನು ಈಗ ಆ ವಸ್ತು ಮುಟ್ಟುವುದಿಲ್ಲ. ಓಯೆಕೊ-ಟೆಕ್ಸ್ ಸ್ಟ್ಯಾಂಡರ್ಡ್ 100 ಅನ್ನುವುದು ಬೇರೆಯೇ. ಅದು ಸಿದ್ಧವಾದ ಬಟ್ಟೆಯಲ್ಲಿ ಹಾನಿ ಮಾಡುವ ರಾಸಾಯನಿಕ ಉಳಿದಿದೆಯಾ ಅಂತ ನೋಡುತ್ತದೆ. ಹತ್ತಿ ಸಾವಯವವೋ ಅಲ್ಲವೋ ಅನ್ನುವುದು ಅದರ ಕೆಲಸವಲ್ಲ. ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಅದರಲ್ಲಿ ಒಂದನೇ ವರ್ಗ ಅಂತ ಇದೆ, ಅಲ್ಲಿ ನಿಯಮ ತುಂಬಾ ಬಿಗಿ.

ಎರಡು ರಾತ್ರಿ ಕೂತು ಇಷ್ಟೆಲ್ಲ ಓದಿದೆ. ಮೂರನೇ ರಾತ್ರಿ ಹೊಳೆಯಿತು: ಗಾಟ್ಸ್ ಗುರುತಿನ ಹಾಸಿಗೆ ತಂದರೂ ಈ ಕೋಣೆಯಲ್ಲಿ ಅದಕ್ಕೂ ಬೂಷ್ಟು ಬರುತ್ತದೆ, ಅಲ್ವಾ? ಹತ್ತಿ ಸಾವಯವ ಅಂತ ಮಳೆ ರಿಯಾಯಿತಿ ಕೊಡುತ್ತದಾ? ನಮ್ಮ ಕಡೆಯ ಮನೆಗೆ ಮೊದಲು ಬೇಕಾದ್ದು ಒಣಗುವ ಹಾಸಿಗೆ. ಸಾವಯವದ ಮಾತು ಆಮೇಲೆ.

ಲಸಿಕೆಗೆ ಹೋದಾಗ ಡಾಕ್ಟರನ್ನು ಕೇಳಿದೆ. ಯಾವ ಹತ್ತಿ ಅಂತ ಅವರು ವಿಚಾರಿಸಲೇ ಇಲ್ಲ. “ಹಾಸಿಗೆ ಗಟ್ಟಿ ಇದೆಯಾ? ಸಮತಟ್ಟಾಗಿದೆಯಾ? ಸುತ್ತ ಏನೇನು ಇಟ್ಟಿದ್ದೀರಿ?” ಅಂದರು. ಅಂಗಾತ ಮಲಗಿಸಿ, ದಿಂಬು ಬೇಡ, ರಜಾಯಿ ಬೇಡ, ಗೊಂಬೆ ಬೇಡ. ಮೆತ್ತನೆ ಹಾಸಿಗೆಯಲ್ಲಿ ಮುಖ ಹೂತುಹೋದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಎಳೆ ಮಗುವಿಗೆ ಆಗ ತಲೆ ತಿರುಗಿಸಿ ಬಿಡಿಸಿಕೊಳ್ಳುವುದು ಕಷ್ಟ ಅಂದರು. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿ ಕೊಟ್ಟ ಸಲಹೆಯೂ ಇದೇ. ಮಗು ಅಪ್ಪ ಅಮ್ಮನ ಕೋಣೆಯಲ್ಲೇ ಇರಲಿ, ಆದರೆ ಅದರದ್ದೇ ಬೇರೆ ಹಾಸಿಗೆಯಲ್ಲಿ, ಕನಿಷ್ಠ ಮೊದಲ ಆರು ತಿಂಗಳು.

ಮನೆಗೆ ಬಂದು ಹೇಳಿದರೆ ಅಜ್ಜಿಗೆ ಸಿಟ್ಟು. “ನಿಮ್ಮನ್ನೆಲ್ಲ ಬೂರುಗದ ಹಾಸಿಗೆಯಲ್ಲೇ ಬೆಳೆಸಿದ್ದು” ಅಂದರು. ನಮ್ಮ ತೋಟದ ಅಂಚಿನಲ್ಲಿ ಬಿಳಿ ಬೂರುಗದ ಮರ ಇದೆ. ಬೇಸಿಗೆಯಲ್ಲಿ ಕಾಯಿ ಒಡೆದರೆ ಅಂಗಳವೆಲ್ಲ ಹತ್ತಿ ಹಾರಾಡುತ್ತದೆ. ಅದರ ಎಳೆಯ ಒಳಗೆ ಟೊಳ್ಳು, ಹೊರಗೆ ಮೇಣದಂಥ ಪದರ. ಹಾಗಾಗಿ ನೀರು ಬೇಗ ಹೀರುವುದಿಲ್ಲ. ಹಿಂದೆ ಹಡಗಿನವರ ಲೈಫ್ ಜಾಕೆಟ್‌ಗೆ ಇದನ್ನೇ ತುಂಬುತ್ತಿದ್ದರು. ಮರಕ್ಕೆ ಔಷಧಿ ಹೊಡೆದದ್ದಿಲ್ಲ, ಗೊಬ್ಬರ ಹಾಕಿದ್ದಿಲ್ಲ. ಇದಕ್ಕಿಂತ ಸಾವಯವ ಎಲ್ಲಿಂದ ತರುವುದು? ಅಜ್ಜಿ ಅಟ್ಟದಿಂದ ಎರಡು ಚೀಲ ಇಳಿಸಿಯೇ ಬಿಟ್ಟರು. ಸರಿ, ಹೊಲಿದೆ. ಮಗಳನ್ನು ಮಲಗಿಸುವ ಮೊದಲು ಅವಳಷ್ಟೇ ತೂಕದ ಅಕ್ಕಿ ಚೀಲ ಅದರ ಮೇಲಿಟ್ಟೆ. ಚೀಲ ನಾಲ್ಕು ಬೆರಳು ಒಳಗೆ ಹೋಯಿತು. ಅಂಚಿನ ಬಟ್ಟೆ ಎರಡೂ ಕಡೆಯಿಂದ ಮೇಲೆದ್ದು ಚೀಲವನ್ನು ತಬ್ಬಿಕೊಂಡಿತು. ಅಜ್ಜಿ ನೋಡಿದರು, ಏನೂ ಹೇಳಲಿಲ್ಲ. ಮಾರನೇ ದಿನ ಆ ಹತ್ತಿ ಅವರ ದಿಂಬಿಗೆ ಸೇರಿತು. ತಲೆ ದುಂಡಗಾಗಲಿ ಅಂತ ಅವರು ಮಾಡಿಟ್ಟಿದ್ದ ಸಾಸಿವೆ ದಿಂಬನ್ನೂ ಬಿಚ್ಚಿದೆವು. ಸಾಸಿವೆ ಒಗ್ಗರಣೆಗೆ ಆಯಿತು.

ಇನ್ನೊಂದು ವಿಷಯ ಹೇಳಲೇಬೇಕು. ಅಜ್ಜಿಯ ಟ್ರಂಕಿನಲ್ಲಿ ಹಳೇ ಹತ್ತಿ ಸೀರೆ, ಅಜ್ಜನ ಪಂಚೆ, ಎರಡು ಕೌದಿ ಇದ್ದವು. ನೂರಾರು ಸಲ ಒಗೆದ ಬಟ್ಟೆ, ಬೆಣ್ಣೆಯ ಹಾಗೆ. ಆದರೆ ಮುಚ್ಚಳ ತೆಗೆದ ಕೂಡಲೇ ನುಸಿ ಗುಳಿಗೆಯ ಘಾಟು. ಡಾಕ್ಟರು ಇದಕ್ಕೆ ಮಾತ್ರ ನಿಜವಾಗಿ ಗದರಿದರು. ಆ ಗುಳಿಗೆಯಲ್ಲಿ ನ್ಯಾಫ್ತಲೀನ್ ಇರುತ್ತದೆ. ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವ ಮಕ್ಕಳಲ್ಲಿ ಅದು ಮೈಗೆ ಸೇರಿದರೆ ರಕ್ತದ ಕೆಂಪು ಕಣ ಒಡೆದು ಕಾಮಾಲೆ ಜೋರಾಗಬಹುದಂತೆ. ಯಾವ ಮಗುವಿಗೆ ಆ ಕೊರತೆ ಇದೆ ಅಂತ ಮುಖ ನೋಡಿ ಗೊತ್ತಾಗುವುದಿಲ್ಲ. ಕೌದಿಯನ್ನು ದೂರವೇ ಇಟ್ಟೆ. ಗುಳಿಗೆ ಹಾಕದೆ ಬೇರೆ ಕಡೆ ಮಡಚಿಟ್ಟಿದ್ದ ಅಮ್ಮನ ಸೀರೆಗಳನ್ನು ಮಾತ್ರ ಕತ್ತರಿಸಿದೆ.

ತೆಂಗಿನ ನಾರಿಗೆ ರಬ್ಬರ್ ಹಾಲು ಹಾಕಿ ಒತ್ತಿದ ಹಾಸಿಗೆಯನ್ನೂ ನೋಡಿದ್ದೆ. ಗಟ್ಟಿ ಇದೆ, ಗಾಳಿಯೂ ಆಡುತ್ತದೆ. ಆದರೆ ಒಳಗೆ ಒದ್ದೆಯಾದರೆ ಬಿಚ್ಚಿ ಒಣಗಿಸುವ ಹಾಗಿಲ್ಲ, ಬಿಟ್ಟೆ. ಕಂಬಳಿ ಒಳ್ಳೆಯ ವಸ್ತು, ಅಪ್ಪ ಇಂದಿಗೂ ಗದ್ದೆಗೆ ಕಂಬಳಿ ಕೊಪ್ಪೆ ಹಾಕಿಯೇ ಹೋಗುವುದು. ಎಳೆ ಚರ್ಮಕ್ಕೆ ಮಾತ್ರ ಚುಚ್ಚುತ್ತದೆ.

ಕೊನೆಗೆ ಹತ್ತಿಯೇ. ನಮ್ಮ ಮಲೆನಾಡಲ್ಲಿ ಹತ್ತಿ ಬೆಳೆಯುವುದಿಲ್ಲ, ಹಾವೇರಿ, ಧಾರವಾಡ ಕಡೆಯಿಂದ ಬರಬೇಕು. ಶಿವಮೊಗ್ಗದಲ್ಲಿ ಹಾಸಿಗೆ ಹೊಲಿಯುವ ಒಬ್ಬ ಹಿರಿಯರಿದ್ದಾರೆ. ಅವರ ಅಪ್ಪ ಬಿಲ್ಲು ಹಿಡಿದು ಮನೆಮನೆಗೆ ಹೋಗಿ ಹತ್ತಿ ಹಿಂಜುತ್ತಿದ್ದವರು. ಈಗ ಇವರ ಹತ್ತಿರ ಮೆಷಿನ್ ಇದೆ. ಮಗುವಿಗೆ ಅಂದಾಗ ಅವರೇ ಹೇಳಿದರು, “ಉದ್ದ ಎಳೆಯ ನಯವಾದ ಹತ್ತಿ ಬೇಡಮ್ಮ, ಅದು ಬಟ್ಟೆಗೆ ಸರಿ. ಹಾಸಿಗೆಗೆ ಗಿಡ್ಡ ಎಳೆಯ ಒರಟು ನಾಟಿ ಹತ್ತಿ ಹಾಕಿದರೆ ಬೇಗ ಕುಸಿಯುವುದಿಲ್ಲ.” ಧಾರವಾಡ ಕಡೆಯ ಜಯಧರ್ ಇಂಥದ್ದೇ ಜಾತಿ. ಕಡಿಮೆ ಬೆಲೆಯ ಹಾಸಿಗೆಯಲ್ಲಿ ಚಿಂದಿ ಬಟ್ಟೆ ಅರೆದು ತುಂಬುತ್ತಾರೆ, ಪಾಲಿಯೆಸ್ಟರ್ ಸೇರಿಸುತ್ತಾರೆ ಅಂತಲೂ ಅವರೇ ಹೇಳಿಕೊಟ್ಟದ್ದು. ಗುರುತಿಸುವುದು ಸುಲಭ. ಒಂದು ಚಿಟಿಕೆ ತೆಗೆದು ಅಂಗಳದಲ್ಲಿ ಬೆಂಕಿ ಕಡ್ಡಿ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಮಣಿಯ ಹಾಗೆ ಗಟ್ಟಿಯಾಗುತ್ತದೆ.

ಈ ಹತ್ತಿಗೆ ಸಾವಯವ ಪ್ರಮಾಣಪತ್ರ ಇರಲಿಲ್ಲ. ಇರುವ ಹತ್ತಿಯನ್ನು ನಾಲ್ಕೈದು ಕೆ.ಜಿ. ಲೆಕ್ಕದಲ್ಲಿ ಕೊಡುವವರು ನನಗೆ ಸಿಗಲಿಲ್ಲ. ಅದಕ್ಕೆ ದುಡ್ಡನ್ನು ಹಂಚಿದೆ. ಒಳಗಿನ ಹತ್ತಿ ಸಾಮಾನ್ಯದ್ದು, ಮೈಗೆ ತಾಗುವ ಮೇಲ್ಹಾಸು ಮಾತ್ರ ಗಾಟ್ಸ್ ನಂಬರ್ ಇರುವ ಬಟ್ಟೆ.

ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಒಂದು ದಪ್ಪ ಹಾಸಿಗೆಯ ಬದಲು ಎರಡು ತೆಳು ಹಾಸಿಗೆ ಹೊಲಿಸಿದ್ದು. ಎರಡಡಿ ಅಗಲ, ನಾಲ್ಕಡಿ ಉದ್ದ, ಎರಡೂವರೆ ಇಂಚು ದಪ್ಪ. ಒಂದೊಂದಕ್ಕೆ ಸುಮಾರು ನಾಲ್ಕು ಕೆ.ಜಿ. ಹತ್ತಿ ಒತ್ತಿ ಒತ್ತಿ ತುಂಬಿ, ಗೇಣಿಗೊಂದು ಕಡೆ ದಪ್ಪ ದಾರದಲ್ಲಿ ಟಾಕಿ ಹಾಕಿಸಿದೆ. ಗುಂಡಿ, ಗೊಂಡೆ ಒಂದೂ ಇಲ್ಲ. ಅಂಗೈ ಒತ್ತಿ ತೆಗೆದರೆ ಗುರುತು ಉಳಿಯಬಾರದು, ಅದು ನನ್ನ ಪರೀಕ್ಷೆ. ಒಂದು ಹಾಸಿಗೆ ಮಗಳ ಅಡಿಯಲ್ಲಿದ್ದರೆ ಇನ್ನೊಂದು ಒಣಗುತ್ತಿರುತ್ತದೆ. ಅಳತೆಯಲ್ಲಿ ಒಂದು ಎಡವಟ್ಟು ಮಾಡಿದೆ. ಕೋರಾ ಬಟ್ಟೆಯನ್ನು ತೊಳೆಯದೆ ಕತ್ತರಿಸಿ ಮೇಲ್ಹಾಸು ಹೊಲಿದೆ. ಬಿಸಿ ನೀರಿಗೆ ಹಾಕಿದ ಮೇಲೆ 54 ಇಂಚು ಇದ್ದದ್ದು 52 ಆಯಿತು. ಎಳೆದು ಸಿಕ್ಕಿಸಿದರೆ ಹಾಸಿಗೆಯ ಮೂಲೆ ದೋಣಿಯ ಹಾಗೆ ಎದ್ದು ನಿಂತಿತು! ಗಂಜಿ ಹೋಗುವ ತನಕ ಎರಡು ಸಲ ತೊಳೆದು, ಆಮೇಲೆ ಕತ್ತರಿ ಹಾಕಬೇಕು.

ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಅನ್ನುವ ಕೈಮಗ್ಗದ ಸಂಘದವರು ಅಡಿಕೆ ಚೊಗರಿನಿಂದ ಬಟ್ಟೆಗೆ ಹಾಕುವ ಕೆಂಗಂದು ಬಣ್ಣ ನನಗೆ ತುಂಬಾ ಇಷ್ಟ. ನಾವು ಅಡಿಕೆ ಬೇಯಿಸಿ ಉಳಿಸುವ ಕಂದು ನೀರು ಅಲ್ಲಿ ಸೀರೆಯಾಗುತ್ತದಲ್ಲ! ಆದರೆ ದಿನವೂ ಬಿಸಿ ನೀರಲ್ಲಿ ಮುಳುಗಬೇಕಾದ ಮಗುವಿನ ಹಾಸಿಗೆ ಬಟ್ಟೆಗೆ ಬಣ್ಣವೇ ಬೇಡ ಅನ್ನಿಸಿತು. ಕಲೆ ಕಂಡರೆ ಕಾಣಲಿ, ಕಂಡರೆ ತಾನೇ ತೊಳೆಯುವುದು.

ಹಾಸಿಗೆ ಆಯಿತು, ಬೂಷ್ಟಿನ ಕತೆ? ಹಳೇ ಹಾಸಿಗೆ ಕೊಳೆತದ್ದು ಹಲಗೆಯ ಮೇಲೆ ಗಾಳಿ ಇಲ್ಲದೆ ಕೂತದ್ದರಿಂದ. ಮೇಲಿನ ಒದ್ದೆ ಇಳಿದು ಹಲಗೆಗೆ ತಾಗಿ ಅಲ್ಲೇ ನಿಲ್ಲುತ್ತಿತ್ತು. ಅಪ್ಪ ಗಾಳಿಗೆ ಬಿದ್ದ ಅಡಿಕೆ ಮರ ಸೀಳಿ ದಬ್ಬೆ ಮಾಡಿಟ್ಟಿದ್ದರು. ಮಂಚದ ಹಲಗೆ ತೆಗೆದು, ದಬ್ಬೆಗಳನ್ನು ಇಂಚಿಗೊಂದು ಸಂದಿ ಬಿಟ್ಟು ಅಡ್ಡ ಹೊಡೆದೆವು. ಅಡಿಕೆ ದಬ್ಬೆಯ ಸಿಬಿರು ಹೊಕ್ಕರೆ ದೊಡ್ಡವರಿಗೇ ಕಣ್ಣಲ್ಲಿ ನೀರು ಬರುತ್ತದೆ. ಮರಳು ಕಾಗದದಲ್ಲಿ ಎರಡು ದಿನ ಉಜ್ಜಿ, ಮೇಲೆ ಹಳೇ ಪಂಚೆ ಬಿಗಿಯಾಗಿ ಸುತ್ತಿದೆ. ಹಾಸಿಗೆಗೂ ಮಂಚದ ಕಟ್ಟಿಗೂ ನಡುವೆ ಎರಡು ಬೆರಳು ಹೋಗುವಷ್ಟೂ ಸಂದಿ ಬಿಡಲಿಲ್ಲ.

ಸೊಂಟದ ಜಾಗಕ್ಕೆ ಮೇಲ್ಹಾಸಿನ ಅಡಿಯಲ್ಲಿ ತೆಳು ರಬ್ಬರ್ ಶೀಟ್ ಹಾಕಿದೆ. ಇದು ಸಾವಯವ ಅಲ್ಲ, ಗೊತ್ತು. ಉಚ್ಚೆ ನಾಲ್ಕು ಕೆ.ಜಿ. ಹತ್ತಿಗೆ ಇಳಿದರೆ ಆಶ್ಲೇಷ ಮಳೆಯಲ್ಲಿ ಒಣಗಿಸುವವರು ಯಾರು?

ಬಟ್ಟೆ ಒಣಗಿಸುವುದೇ ಒಂದು ಅಧ್ಯಾಯ. ನಮ್ಮಲ್ಲಿ ಬಚ್ಚಲ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟುವುದು, ಇಲ್ಲವೇ ಕೆಂಡದ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಹರಡುವುದು ರೂಢಿ. ಬೇಗ ಒಣಗುತ್ತದೆ, ಆದರೆ ಬಟ್ಟೆಯೆಲ್ಲ ಹೊಗೆ. ಆ ಹೊಗೆಯಲ್ಲಿ ಇಡೀ ರಾತ್ರಿ ಮಗುವಿನ ಮೂಗಿಡುವುದು ನನಗೆ ಒಪ್ಪಲಿಲ್ಲ. ಒಲೆಯ ಹಿಂದಿನ ಗೋಡೆಯ ಆಚೆ, ಹೊಗೆ ಬಾರದ ಬೆಚ್ಚಗಿನ ಕಡೆ ಹಗ್ಗ ಕಟ್ಟಿದೆ. ಎದುರಿಗೆ ಟೇಬಲ್ ಫ್ಯಾನ್. ಕೊನೆಗೆ ಇಸ್ತ್ರಿ. ಕರೆಂಟ್ ಹೋದ ದಿನ ಕೆಂಡವೇ ಗತಿ, ಸುಳ್ಳು ಹೇಳುವುದಿಲ್ಲ. ಒಗೆಯಲು ಅಂಟುವಾಳ ಕಾಯಿ ನೆನೆಸಿದ ನೀರು, ಮೂರು ಸಲ ಜಾಲಿಸಬೇಕು. ಸಾಫ್ಟನರ್ ಹಾಕಿದರೆ ಎಳೆಯ ಮೇಲೆ ಜಿಡ್ಡು ಕೂತು ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ, ಅದನ್ನು ಬಿಟ್ಟೇ ಬಿಟ್ಟೆ.

ಡಿಸೆಂಬರ್ ಚಳಿಗೆ ಮತ್ತೆ ಅಜ್ಜಿಯ ಜೊತೆ ಚರ್ಚೆ. ಹೊದಿಕೆ ಇಲ್ಲದೆ ಮಗು ಮಲಗುವುದಾ? ಅಮ್ಮನ ಸೀರೆಯನ್ನು ಎರಡು ಪದರ ಮಾಡಿ ತೋಳಿಲ್ಲದ ಚೀಲದಂಥ ಅಂಗಿ ಹೊಲಿದೆ. ಕುತ್ತಿಗೆ, ಕಂಕುಳು ಸರಿಯಾದ ಅಳತೆ, ಕಾಲಿನ ಕಡೆ ಸಡಿಲ. ಮುಖದ ಮೇಲೆ ಬರುವ ಭಯವಿಲ್ಲ. ಕುಲಾವಿಯನ್ನು ಮಲಗಿಸುವಾಗ ತೆಗೆಯುತ್ತಿದ್ದೆ, ನಾನು ಆಚೆ ಹೋದ ಕೂಡಲೇ ಅಜ್ಜಿ ಹಾಕುತ್ತಿದ್ದರು. ಕೈಕಾಲು ತಣ್ಣಗಿದೆ ಅಂತ ಅವರ ವಾದ. ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ ಅಂದೆ. ಬೆವರಿತ್ತು. ಅವತ್ತಿನಿಂದ ಕುಲಾವಿ ಹಗಲಿಗೆ ಮಾತ್ರ. ತೊಟ್ಟಿಲೂ ಹಾಗೇ, ಹಗಲು ಯಾರಾದರೂ ಎದುರಿಗೆ ಕೂತಿದ್ದರೆ ಮಾತ್ರ.

ಎರಡು ಹಾಸಿಗೆಗೆ ಹತ್ತಿ, ಬಟ್ಟೆ, ಕೂಲಿ ಸೇರಿ 3,600 ರೂಪಾಯಿ ಆಯಿತು. ಮಗಳಿಗೆ ಈಗ ಎರಡು ವರ್ಷ ತುಂಬುತ್ತಾ ಬಂತು. ಹತ್ತಿ ಅಲ್ಲಲ್ಲಿ ಗಂಟು ಕಟ್ಟಿದೆ. ಮೊನ್ನೆ ಎರಡನ್ನೂ ಬಿಚ್ಚಿ ಬಿಸಿಲಿಗೆ ಹರಡಿ, ಮೂಟೆ ಕಟ್ಟಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹಾಕಿ ಕಳಿಸಿದೆ. ಮತ್ತೆ ಹಿಂಜಿ, ಹೊಸದಾಗಿ ಮೂರು ಕೆ.ಜಿ. ಸೇರಿಸಿ ಒಂದೇ ದೊಡ್ಡ ಹಾಸಿಗೆ ಮಾಡುತ್ತಾರಂತೆ. ಮೃಗಶಿರಾ ಮಳೆಗೆ ಮೊದಲು ಕೊಡಿ ಅಂದಿದ್ದೇನೆ. ಬಟ್ಟೆ ಈ ಸಲ ನಾನೇ ತೊಳೆದು ಕೊಟ್ಟಿದ್ದೇನೆ.