ಟೋಕನ್ ಕೊಟ್ಟಾಯ್ತು, ವಾಪಸ್ ಇಸ್ಕೊಳ್ಳೋದು ಹೇಗೆ?

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಗೆ ನಾನು ಲೆಕ್ಕದ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆ. ಮೆಕ್ಕೆಜೋಳದ ಅಂಗಡಿ. ಮಾಲು ಬಂತು, ತೂಕ ಆಯ್ತು, ಚೀಲ ಎಷ್ಟು, ಹಮಾಲಿ ಎಷ್ಟು, ರೈತರ ಕೈಗೆ ಪಟ್ಟಿ ಎಷ್ಟು, ಇಷ್ಟೇ ಕೆಲಸ. ಬಳಸುವವರು ಆರೇ ಜನ: ಸಾಹುಕಾರ್ರು, ಅವರ ಮಗ, ಇಬ್ಬರು ಗುಮಾಸ್ತರು, ಅಂಗಳದಲ್ಲಿ ತೂಕ ಬರೆಯುವ ಇಬ್ಬರು ಹುಡುಗರು. ಇಷ್ಟು ಚಿಕ್ಕದಕ್ಕೆ ಲಾಗಿನ್ ಮಾಡೋದು ಒಂದು ಸಂಜೆ ಕೆಲಸ ಅಂದುಕೊಂಡಿದ್ದೆ. ಒಂದು ಸುಗ್ಗಿ ಪೂರ್ತಿ ತಿಂದಿತು.

ಮೊದಲು ಇದ್ದದ್ದು ಸೆಷನ್. ಸರ್ವರ್ ಹತ್ತಿರ ಒಂದು ಹಾಜರಿ ಪುಸ್ತಕ ಇದ್ದ ಹಾಗೆ ಅದು. ನೀವು ಲಾಗಿನ್ ಆದಿರಿ, ಪುಸ್ತಕದಲ್ಲಿ ಹೆಸರು ಬಿತ್ತು, ನಿಮ್ಮ ಕೈಗೆ ಒಂದು ನಂಬರ್ ಬಂತು. ಪ್ರತಿ ಸಲ ನಂಬರ್ ಹೇಳಿದಾಗ ಸರ್ವರ್ ಪುಸ್ತಕ ತೆಗೆದು ನೋಡುತ್ತದೆ. ನಾನು ಮಾಡಿದ ದಡ್ಡತನ ಏನಂದ್ರೆ, ಆ ಪುಸ್ತಕವನ್ನು ಸರ್ವರ್‌ನ ಮೆಮೊರಿಯಲ್ಲೇ ಇಟ್ಟಿದ್ದೆ. ಊಟದ ಹೊತ್ತಿನಲ್ಲಿ ಒಂದು ಚಿಕ್ಕ ಬದಲಾವಣೆ ಹಾಕಿ ರೀಸ್ಟಾರ್ಟ್ ಮಾಡಿದರೆ ಪುಸ್ತಕವೇ ಮಾಯ, ಎಲ್ಲರೂ ಹೊರಗೆ, ಎರಡು ನಿಮಿಷಕ್ಕೆ ಸಾಹುಕಾರ್ರ ಫೋನು: "ತಮ್ಮಾ, ಮತ್ತೆ ಪಾಸ್‌ವರ್ಡ್ ಕೇಳ್ತೈತೆ ನೋಡಪ್ಪಾ."

ಅದನ್ನು ಡೇಟಾಬೇಸಿಗೆ ಬದಲಾಯಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಒಂದೇ ಸರ್ವರ್, ಆರು ಜನ, ಎಲ್ಲರೂ ಬ್ರೌಸರ್‌ನಲ್ಲೇ ಬಳಸುವವರು. ಈಗ ಯಾರಾದರೂ ಇಂಥದ್ದಕ್ಕೆ ಸಲಹೆ ಕೇಳಿದರೆ ಸುಮ್ನೆ ಸೆಷನ್ ಕುಕೀ (ಆ ನಂಬರನ್ನು ಬ್ರೌಸರೇ ಇಟ್ಟುಕೊಂಡು ಪ್ರತಿ ಸಲ ತಾನೇ ಕಳಿಸುವ ತುಣುಕು) ಇಟ್ಕೊಳ್ಳಿ ಅಂತಲೇ ಹೇಳುತ್ತೇನೆ. ಆಗ ನನಗೆ ಟೋಕನ್ ಕಲಿಯುವ ಚಪಲ. 'ಮುಂದೆ ಮೊಬೈಲ್ ಆ್ಯಪ್ ಮಾಡಿದಾಗ ಬೇಕಾಗುತ್ತೆ' ಅಂತ ಒಂದು ನೆಪವನ್ನೂ ಹುಡುಕಿಕೊಂಡೆ. ಆ ಆ್ಯಪ್ ಇವತ್ತಿಗೂ ಆಗಿಲ್ಲ, ಬಿಡಿ.

ನಾನು ಆರಿಸಿಕೊಂಡದ್ದು ಜೆಡಬ್ಲ್ಯೂಟಿ, ಅಂದರೆ ಜೇಸನ್ ವೆಬ್ ಟೋಕನ್. 2015ರಲ್ಲಿ ಆರ್‌ಎಫ್‌ಸಿ 7519 ಅನ್ನುವ ಇಂಟರ್‌ನೆಟ್ ಮಾನದಂಡವಾಗಿ ಬಂದದ್ದು. ನನಗೆ ಇದು ಸರಿಯಾಗಿ ಅರ್ಥವಾದದ್ದು ವೇಬ್ರಿಡ್ಜ್ ತೂಕದ ಚೀಟಿ ನೋಡಿ. ಲಾರಿ ತೂಕ ಹಾಕಿಸಿದರೆ ಸೀಲು ಸಹಿ ಇರುವ ಚೀಟಿ ಕೊಡುತ್ತಾರೆ. ಅದನ್ನು ತಂದು ತೋರಿಸಿದರೆ ಅಂಗಡಿಯವರು ಪ್ರತಿ ಸಲ ವೇಬ್ರಿಡ್ಜ್‌ಗೆ ಫೋನ್ ಮಾಡಿ ವಿಚಾರಿಸುವುದಿಲ್ಲ, ಸೀಲು ನೋಡಿ ನಂಬುತ್ತಾರೆ. ಟೋಕನ್ನೂ ಅಷ್ಟೇ. ಚುಕ್ಕಿಯಿಂದ ಬೇರೆಯಾದ ಮೂರು ತುಂಡು: ಯಾವ ಬಗೆಯ ಸಹಿ ಅಂತ ಹೇಳುವ ತಲೆಭಾಗ, ಯಾರು, ಎಷ್ಟು ಹೊತ್ತಿನ ತನಕ ಅಂತ ಹೇಳುವ ಒಡಲು, ಕೊನೆಗೆ ಸಹಿ. ಸಹಿ ಹಾಕುವ ಗುಟ್ಟಿನ ಕೀ ಸರ್ವರ್ ಹತ್ತಿರ ಮಾತ್ರ ಇರುತ್ತದೆ. ಒಡಲಿನಲ್ಲಿ ಒಂದು ಅಕ್ಷರ ತಿದ್ದಿದರೂ ಸಹಿ ಹೊಂದುವುದಿಲ್ಲ.

ಆದರೆ ಚೀಟಿಯನ್ನು ಯಾರು ಬೇಕಾದರೂ ಓದಬಹುದು. ಇದನ್ನು ನಾನು ಮರೆತಿದ್ದೆ. ಇ, ವೈ, ಜೆ ಅಂತ ಶುರುವಾಗುವ ಆ ಉದ್ದನೆಯ ಸಾಲು ನೋಡಿ ಏನೋ ಬೀಗ ಹಾಕಿದ್ದಾರೆ ಅನ್ನಿಸುತ್ತದೆ. ಬೀಗ ಗೀಗ ಏನೂ ಇಲ್ಲ, ಅದು ಬೇಸ್64, ಅಂದರೆ ಮಾಹಿತಿಯನ್ನು ಬೇರೆ ಅಕ್ಷರಗಳಲ್ಲಿ ಬರೆಯುವ ಒಂದು ರೀತಿ ಅಷ್ಟೇ, ಬಿಡಿಸಿದರೆ ಪೂರ್ತಿ ಕಾಣುತ್ತದೆ. ನಾನು ಅದರೊಳಗೆ ಎಲ್ಲರ ಮೊಬೈಲ್ ನಂಬರನ್ನೂ ತುಂಬಿಸಿದ್ದೆ! ಈಗ ಬಳಕೆದಾರರ ಐಡಿ, ಕೊಟ್ಟ ಹೊತ್ತು, ಮುಗಿಯುವ ಹೊತ್ತು, ಇಷ್ಟೇ ಇರುತ್ತದೆ.

ಆ ಗುಟ್ಟಿನ ಕೀ ಬಗ್ಗೆಯೂ ಒಂದು ಮಾತು. ಮೊದಲ ಸಲ ಊರಿನ ಹೆಸರು, ಮುಂದೆ 123 ಅಂತ ಇಟ್ಟಿದ್ದೆ, ಅದೂ ಕೋಡ್ ಒಳಗೇ. ಇಂಥ ಕೀ ಇದ್ದರೆ ಒಂದು ಟೋಕನ್ ಕೈಗೆ ಸಿಕ್ಕವನು ಮನೆಯಲ್ಲೇ ಕೂತು ಕಂಪ್ಯೂಟರಿಗೆ ಊಹೆ ಮಾಡಲು ಬಿಡಬಹುದು, ಸರ್ವರ್ ಮುಟ್ಟುವ ಅಗತ್ಯವೂ ಇಲ್ಲ. ಕೀ ಸಿಕ್ಕಿತು ಅಂದರೆ ಸಾಹುಕಾರ್ರ ಹೆಸರಿನಲ್ಲೇ ಟೋಕನ್ ಬರೆದುಕೊಳ್ಳಬಹುದು. ಎಚ್‌ಎಸ್256 ಅನ್ನುವ ಬಗೆಯ ಸಹಿಗೆ ಕೀ ಕನಿಷ್ಠ 256 ಬಿಟ್, ಅಂದರೆ 32 ಬೈಟ್ ಇರಬೇಕು, ಅದೂ ಯಂತ್ರವೇ ಹುಟ್ಟಿಸಿದ್ದಾಗಿರಬೇಕು. ಜೊತೆಗೆ, ಪರಿಶೀಲಿಸುವಾಗ ಯಾವ ಬಗೆಯ ಸಹಿ ಒಪ್ಪುತ್ತೇನೆ ಅಂತ ಸರ್ವರ್ ಕಡೆಯೇ ಗಟ್ಟಿಯಾಗಿ ಬರೆದಿಡಿ. ಟೋಕನ್ ತಲೆಭಾಗದಲ್ಲಿ 'ಸಹಿ ಇಲ್ಲ' ಅಂತ ಬರೆದು ಕಳಿಸಿದರೂ ಒಪ್ಪಿಕೊಳ್ಳುತ್ತಿದ್ದ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಿಂದೆ ಇದ್ದವು.

ಇಷ್ಟಾದ ಮೇಲೆ ಎರಡು ತಿಂಗಳು ಎಲ್ಲಾ ಚೆನ್ನಾಗಿಯೇ ನಡೆಯಿತು. ಹನ್ನೆರಡು ಗಂಟೆಯ ಟೋಕನ್, ಬೆಳಿಗ್ಗೆ ಒಂದು ಸಲ ಲಾಗಿನ್, ರಾತ್ರಿ ತಾನೇ ಮುಗಿಯುತ್ತದೆ ಅಂತ ನನ್ನ ಲೆಕ್ಕ. ಬೆಳಿಗ್ಗೆ ಯಾರೂ ಲಾಗಿನ್ ಆಗುತ್ತಿಲ್ಲ ಅನ್ನುವುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಆಮೇಲೆ ಒಬ್ಬ ಗುಮಾಸ್ತ ಕೆಲಸ ಬಿಟ್ಟು ಪಕ್ಕದ ಸಾಲಿನ ಅಂಗಡಿಗೆ ಸೇರಿದ. ನಾನು ಅವನ ಖಾತೆ ಬಂದ್ ಮಾಡಿದೆ. ಮೂರು ವಾರ ಕಳೆದ ಮೇಲೆ ಅವನೇ ಫೋನ್ ಮಾಡಿದ. "ಅಣ್ಣಾ, ನನ್ ಫೋನಲ್ಲಿ ಇನ್ನೂ ಹಳೇ ಅಂಗಡಿ ಲೆಕ್ಕ ಕಾಣ್ತೈತೆ. ದಯಮಾಡಿ ತೆಗೀರಿ, ನಾಳೆ ರೇಟ್ ವಿಷಯ ಏನಾದ್ರೂ ಹೊರಗೆ ಹೋದ್ರೆ ನನ್ ಮೇಲೆ ಬರ್ತೈತೆ."

ಕೈಕಾಲು ತಣ್ಣಗಾಯಿತು. ಯಾವ ರೈತರಿಗೆ ಎಷ್ಟು ಕೊಟ್ಟರು, ಯಾರ ಹತ್ತಿರ ಎಷ್ಟು ಬಾಕಿ, ಎಲ್ಲಾ ಅದರಲ್ಲೇ ಇದೆ. ಅವನು ಒಳ್ಳೆಯವನು, ಹೇಳಿದ. ಹೇಳದೇ ಇದ್ದಿದ್ದರೆ?

ಅವನ ಟೋಕನ್ ತರಿಸಿ ಬಿಡಿಸಿ ನೋಡಿದೆ. ಮುಗಿಯುವ ಹೊತ್ತು ಅಂತ ಇರುವ ಕಡೆ ಹತ್ತು ಅಂಕಿ ಇರಬೇಕಿತ್ತು, ಹದಿಮೂರು ಇತ್ತು. ಜೆಡಬ್ಲ್ಯೂಟಿಯಲ್ಲಿ ಹೊತ್ತನ್ನು 1970ರಿಂದ ಎಷ್ಟು ಸೆಕೆಂಡ್ ಅಂತ ಬರೆಯಬೇಕು. ನಾನು ಕೋಡ್ ಬರೆದ ಭಾಷೆ ಜಾವಾಸ್ಕ್ರಿಪ್ಟ್ ಕೊಡುವುದು ಮಿಲಿಸೆಕೆಂಡ್. ನಾನು ಸಾವಿರದಿಂದ ಭಾಗಿಸುವುದನ್ನು ಮರೆತಿದ್ದೆ. ಹನ್ನೆರಡು ಗಂಟೆಗೆ ಅಂತ ಕೊಟ್ಟ ಟೋಕನ್ 50,000 ವರ್ಷಕ್ಕೂ ಜಾಸ್ತಿ ನಡೆಯುತ್ತಿತ್ತು. ಲೈಬ್ರರಿ ಕಮಕ್ ಕಿಮಕ್ ಅನ್ನಲಿಲ್ಲ, ಅದಕ್ಕೆ ಅದೂ ಒಂದು ಸಂಖ್ಯೆಯೇ ತಾನೆ.

ಖಾತೆ ಬಂದ್ ಮಾಡಿದ್ದು ಯಾಕೆ ಕೆಲಸಕ್ಕೆ ಬರಲಿಲ್ಲ? ಖಾತೆ ಇದೆಯಾ ಇಲ್ಲವಾ ಅಂತ ನೋಡುವುದು ಲಾಗಿನ್ ಹೊತ್ತಿನಲ್ಲಿ ಮಾತ್ರ. ಆಮೇಲೆ ಸೀಲು ನೋಡಿ ಒಳಗೆ ಬಿಡುವುದು, ಅಷ್ಟೇ. ಚೀಟಿ ಅವನ ಜೇಬಿನಲ್ಲಿದೆ, ಸೀಲು ಸರಿಯಾಗಿದೆ, ಅವನು ಕೆಲಸ ಬಿಟ್ಟದ್ದು ಚೀಟಿಗೆ ಹೇಗೆ ಗೊತ್ತಾಗಬೇಕು? ಆ ರಾತ್ರಿ ಕೀ ಬದಲಾಯಿಸಿದೆ. ಹಳೇ ಟೋಕನ್ ಎಲ್ಲಾ ಒಂದೇ ಏಟಿಗೆ ಸತ್ತವು. ಬೆಳಿಗ್ಗೆ ಎಲ್ಲರೂ ಪಾಸ್‌ವರ್ಡ್ ಮರೆತಿದ್ದರು, ಎರಡು ತಿಂಗಳಿಂದ ಹಾಕಿರಲೇ ಇಲ್ಲವಲ್ಲ.

ಸೆಕೆಂಡ್ ಸರಿಮಾಡಿದರೂ ಹನ್ನೆರಡು ಗಂಟೆ ಅಂದರೆ ಒಂದು ಇಡೀ ದಿನದ ವ್ಯಾಪಾರ. ಬೆಂಗಳೂರಲ್ಲಿ ಕೆಲಸ ಮಾಡುವ ಗೆಳೆಯ ಊರಿಗೆ ಬಂದಿದ್ದ. ಮಂಡಕ್ಕಿ ಮಿರ್ಚಿ ತಿನ್ನುತ್ತಾ ಇದನ್ನೆಲ್ಲಾ ಹೇಳಿದಾಗ ಅವನು ನಕ್ಕು, ಎರಡು ಟೋಕನ್ ಇಡು ಅಂದ. ಒಂದು ಆಕ್ಸೆಸ್ ಟೋಕನ್, 15 ನಿಮಿಷದ್ದು, ಎಲ್ಲಾ ಕೆಲಸಕ್ಕೂ ಅದನ್ನೇ ತೋರಿಸುವುದು. ಇನ್ನೊಂದು ರಿಫ್ರೆಶ್ ಟೋಕನ್, 14 ದಿನದ್ದು, ಹೊಸ ಆಕ್ಸೆಸ್ ಟೋಕನ್ ಕೇಳುವುದಕ್ಕೆ ಮಾತ್ರ. ಈ ಎರಡನೆಯದು ಜೆಡಬ್ಲ್ಯೂಟಿ ಆಗಬೇಕಾಗಿಯೇ ಇಲ್ಲ. ನಾನು ಇಟ್ಟದ್ದು ಊಹಿಸಲು ಆಗದ 32 ಬೈಟ್, ಅದರ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಹಿಂದಕ್ಕೆ ಬಿಡಿಸಲಾಗದ ಗುರುತು ಮಾತ್ರ ಡೇಟಾಬೇಸ್‌ನಲ್ಲಿ. ಯಾರನ್ನಾದರೂ ತೆಗೆಯಬೇಕಾದರೆ ಆ ಸಾಲು ಅಳಿಸಿದರೆ ಆಯ್ತು, ಹೆಚ್ಚೆಂದರೆ 15 ನಿಮಿಷದಲ್ಲಿ ಹೊರಗೆ. ಅಂದರೆ ಸುತ್ತಿ ಬಳಸಿ ಮತ್ತೆ ಅದೇ ಹಾಜರಿ ಪುಸ್ತಕಕ್ಕೆ ಬಂದೆ ಅಲ್ವಾ? ಹೌದು. ಪುಸ್ತಕವನ್ನು ಪ್ರತಿ ಸಲ ತೆಗೆಯುವ ಬದಲು ಕಾಲು ಗಂಟೆಗೊಂದು ಸಲ ತೆಗೆಯುತ್ತೇನೆ, ಅಷ್ಟೇ ವ್ಯತ್ಯಾಸ.

ಟೋಕನ್ ಎಲ್ಲಿಡುವುದು ಅನ್ನುವುದಕ್ಕೆ ನನಗೆ ಉತ್ತರ ಸಿಕ್ಕಿದ್ದು ನಮ್ಮದೇ ಷರಾ ಕಾಲಂನಿಂದ. ಮೊದಲು ಲೋಕಲ್‌ಸ್ಟೋರೇಜ್‌ನಲ್ಲಿ, ಅಂದರೆ ಬ್ರೌಸರ್ ಒಳಗೆ ಪುಟ ತನ್ನ ಮಾಹಿತಿ ಇಟ್ಟುಕೊಳ್ಳುವ ಜಾಗದಲ್ಲಿ ಇಟ್ಟಿದ್ದೆ. ಒಂದು ದಿನ ಪರೀಕ್ಷೆಗೆ ಅಂತ ಷರಾದಲ್ಲಿ ಎರಡು ಸಾಲು ಸ್ಕ್ರಿಪ್ಟ್, ಅಂದರೆ ಬ್ರೌಸರ್ ಓಡಿಸುವ ಕೋಡ್, ಬರೆದು ಉಳಿಸಿದೆ. ಪುಟ ತೆರೆದರೆ ನನ್ನ ಟೋಕನ್ನೇ ಪರದೆ ಮೇಲೆ ಬಂದು ನಿಂತಿತು. ಪುಟದಲ್ಲಿ ಓಡುವ ಯಾವ ಸ್ಕ್ರಿಪ್ಟ್ ಬೇಕಾದರೂ ಅದನ್ನು ಓದಬಹುದು. ಷರಾ ಕಾಲಂ ಸರಿಮಾಡಿದೆ, ಜೊತೆಗೆ ರಿಫ್ರೆಶ್ ಟೋಕನ್ನನ್ನು ಎಚ್‌ಟಿಟಿಪಿ-ಓನ್ಲಿ ಕುಕೀಗೆ ಸೇರಿಸಿದೆ, ಅದನ್ನು ಸ್ಕ್ರಿಪ್ಟ್ ಓದಲಾರದು. ಕುಕೀ ತಾನಾಗಿಯೇ ಹೋಗುತ್ತದೆ, ಆದ್ದರಿಂದ ಬೇರೆ ಸೈಟಿನಿಂದ ಯಾರೋ ನಮ್ಮ ಸರ್ವರ್‌ಗೆ ವಿನಂತಿ ಕಳಿಸಿದರೂ ಅದರ ಜೊತೆ ಹೋಗದಂತೆ ಸೇಮ್‌ಸೈಟ್ ಸ್ಟ್ರಿಕ್ಟ್ ಅನ್ನುವ ಗುರುತು ಹಾಕಿದೆ, ಮತ್ತೆ ಭದ್ರ ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಮಾತ್ರ ಹೋಗುವಂತೆ ಸೆಕ್ಯೂರ್. ಆಕ್ಸೆಸ್ ಟೋಕನ್ ಪುಟದ ಮೆಮೊರಿಯಲ್ಲಿ ಮಾತ್ರ, ಪುಟವನ್ನು ರೀಲೋಡ್ ಮಾಡಿದರೆ ಹೋಗುತ್ತದೆ, ಹೋದರೆ ಹೊಸದು ಕೇಳಿದರಾಯ್ತು.

ಇನ್ನೊಂದು ಪಾಠ ಸುಗ್ಗಿಯಲ್ಲೇ ಕಾದಿತ್ತು. ರಿಫ್ರೆಶ್ ಟೋಕನ್ನನ್ನು ಒಂದು ಸಲ ಬಳಸಿದ ಮೇಲೆ ಬದಲಾಯಿಸಬೇಕು, ಹಳೆಯದು ಮತ್ತೆ ಬಂದರೆ ಕಳ್ಳತನ ಅಂತ ತಿಳಿದು ಆ ಲಾಗಿನ್‌ನಿಂದ ಹುಟ್ಟಿದ ಎಲ್ಲವನ್ನೂ ಸಾಯಿಸಬೇಕು. ಇದನ್ನು ನಿಯತ್ತಾಗಿ ಮಾಡಿದೆ. ಅಕ್ಟೋಬರ್ ಕೊನೆ, ಅಂಗಳದ ತುಂಬಾ ಟ್ರ್ಯಾಕ್ಟರ್, ಎಲ್ಲರ ಕೈಯಲ್ಲೂ ಫೋನ್, ನೆಟ್‌ವರ್ಕ್ ಕುಂಟುತ್ತಿದೆ. ಹುಡುಗನ ಫೋನ್ ಹೊಸ ಟೋಕನ್ ಕೇಳಿತು, ಸರ್ವರ್ ಬದಲಾಯಿಸಿ ಕಳಿಸಿತು, ಉತ್ತರ ದಾರಿಯಲ್ಲೇ ಬಿದ್ದುಹೋಯಿತು. ಫೋನ್ ಮತ್ತೆ ಕೇಳಿತು, ಹಳೇ ಟೋಕನ್ನಿನಿಂದಲೇ. ಸರ್ವರ್‌ಗೆ ಅದು ಕಳ್ಳ! ರೈತರು ಚೀಲ ಇಳಿಸಿ ಕಾಯುತ್ತಿದ್ದಾರೆ, ಹುಡುಗ ಪಾಸ್‌ವರ್ಡ್ ಒತ್ತುತ್ತಿದ್ದಾನೆ, ದಿನಕ್ಕೆ ಐದಾರು ಸಲ. ಕೊನೆಗೆ ಅವನು ಫೋನ್ ಜೇಬಿಗಿಟ್ಟು ಪೆನ್ಸಿಲ್ ತಗೊಂಡ. ನನಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ.

ಈಗ ಬದಲಾಯಿಸಿದ 30 ಸೆಕೆಂಡ್ ಒಳಗೆ ಹಳೆಯದು ಬಂದರೆ ಸರ್ವರ್ ಬೈಯದೆ ಹೊಸದು ಕೊಡುತ್ತದೆ. ಆ 30 ಸೆಕೆಂಡ್ ಕಳ್ಳನಿಗೂ ಸಿಗುತ್ತದೆ, ಗೊತ್ತು. ಜೋಳದ ಅಂಗಡಿಗೆ ಅಷ್ಟು ನಡೆಯುತ್ತದೆ ಅಂತ ನನ್ನ ತೀರ್ಮಾನ, ಬ್ಯಾಂಕಿಗಾದರೆ ಹೀಗೆ ಮಾಡುತ್ತಿರಲಿಲ್ಲ. ಪುಟದ ಕಡೆಯೂ ಒಂದು ಸರಿಮಾಡಿದೆ: ಒಂದೇ ಹೊತ್ತಿಗೆ ನಾಲ್ಕು ವಿನಂತಿಗೆ 401, ಅಂದರೆ 'ಲಾಗಿನ್ ಸರಿಯಿಲ್ಲ' ಅನ್ನುವ ಸರ್ವರ್ ಉತ್ತರ, ಬಂದರೆ ನಾಲ್ಕೂ ರಿಫ್ರೆಶ್ ಕೇಳಲು ಓಡಬಾರದು, ಒಂದು ಹೋಗಿ ಬರುವ ತನಕ ಉಳಿದವು ಕಾಯಬೇಕು.

ಗಡಿಯಾರದ ಕತೆಯನ್ನೂ ಹೇಳಿಬಿಡುತ್ತೇನೆ. ಗದ್ದಿಗೆ ಪಕ್ಕದ ಹಳೇ ಕಂಪ್ಯೂಟರ್ ಮಾತ್ರ ಸರ್ವರ್‌ಗೆ ಬಿಡುವಿಲ್ಲದೆ ರಿಫ್ರೆಶ್ ಕೇಳುತ್ತಿತ್ತು. ಹೋಗಿ ನೋಡಿದರೆ ಅದರ ಗಡಿಯಾರ ಅರ್ಧ ಗಂಟೆ ಮುಂದೆ. 15 ನಿಮಿಷದ ಟೋಕನ್ ಅದರ ಲೆಕ್ಕದಲ್ಲಿ ಹುಟ್ಟುವಾಗಲೇ ಸತ್ತಿರುತ್ತಿತ್ತು. ಪುಟದಲ್ಲಿ ಹೊತ್ತು ನೋಡುವ ಕೋಡನ್ನೇ ಕಿತ್ತು ಹಾಕಿದೆ. ಸರ್ವರ್ 401 ಅಂದಾಗ ಮಾತ್ರ ಹೊಸದು ಕೇಳುವುದು.

ಕೊನೆಗೆ ಸಾಹುಕಾರ್ರಿಗೆ ಒಂದು ಪುಟ ಮಾಡಿಕೊಟ್ಟೆ. ಯಾವ ಯಾವ ಫೋನ್ ಒಳಗಿದೆ, ಕೊನೆಗೆ ಯಾವಾಗ ಬಳಸಿದ್ದು, ಪಕ್ಕದಲ್ಲಿ 'ತೆಗೆ' ಅಂತ ಒಂದು ಬಟನ್. ಅವರಿಗೆ ಭಾರಿ ಇಷ್ಟವಾಯಿತು, ರಾತ್ರಿ ಅಂಗಡಿ ಮುಚ್ಚುವ ಮುಂಚೆ ಒಂದು ಸಲ ನೋಡುತ್ತಾರೆ. ಮೊನ್ನೆ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು.

"ತಮ್ಮಾ, ಯಾರೋ ಗೊತ್ತಿಲ್ಲದ ಫೋನ್ ಕಾಣ್ತು, ತೆಗೆದುಹಾಕ್ದೆ."

"ಒಳ್ಳೇದಾಯ್ತು ಸಾಹುಕಾರ್ರೆ."

"ಏನ್ ಒಳ್ಳೇದು, ನಂದೇ ಕಣಪ್ಪಾ ಅದು. ಈಗ ಪಾಸ್‌ವರ್ಡ್ ಏನು ಹೇಳು."